ತೂಬು ಮತ್ತು ಕೋಡಿ

ದೊಡ್ಡ ಹುದ್ದೆಗಳನ್ನು ಬಿಟ್ಟುಹೋದವರ ಸುದ್ದಿಯನ್ನು ಓದುವುದರಲ್ಲಿ ನನಗೊಂದು ವಿಚಿತ್ರವಾದ ಆಸಕ್ತಿಯುಂಟು. ಹುದ್ದೆಗೆ ಬಂದವರ ಸುದ್ದಿ ಎಲ್ಲ ಕಡೆಯೂ ಒಂದೇ ಬಗೆ: ಹೂಮಾಲೆ, ಮುಗುಳುನಗೆ, ನಾಳೆಯ ಭರವಸೆ. ಬಿಟ್ಟುಹೋದವರ ಸುದ್ದಿಯಲ್ಲಿ ಮಾತ್ರ ಹೇಳಿದ್ದಕ್ಕಿಂತ ಹೇಳದೆ ಉಳಿಸಿದ್ದೇ ಹೆಚ್ಚು. ‘ವೈಯಕ್ತಿಕ ಕಾರಣಗಳಿಂದ’, ‘ಹೊಸ ಸಾಹಸಕ್ಕಾಗಿ’, ‘ಕುಟುಂಬದೊಡನೆ ಹೆಚ್ಚು ಕಾಲ ಕಳೆಯುವುದಕ್ಕಾಗಿ’ ಎಂಬ ಮಾತುಗಳನ್ನು ಕಂಡಾಗಲೆಲ್ಲ ನಾನು ಕನ್ನಡಕವನ್ನು ಸರಿಪಡಿಸಿಕೊಂಡು ಇನ್ನೊಮ್ಮೆ ಓದುತ್ತೇನೆ. ನನ್ನ ಶ್ರೀಮತಿ ಇದನ್ನು ಬಲ್ಲಳು. ಕಾಫಿಯ ಲೋಟವನ್ನು ಮುಂದಿಡುತ್ತ, “ಇವತ್ತು ಯಾರು ಬಿಟ್ಟರು?” ಎಂದು ಕೇಳುವುದು ಅವಳ ವಾಡಿಕೆ.

2025ರ ಡಿಸೆಂಬರಿನ ಒಂದು ಬೆಳಿಗ್ಗೆಯೂ ಹಾಗೆಯೇ ಕೇಳಿದಳು. ಆ ದಿನ ಬಿಟ್ಟವರು ಆಲನ್ ಡೈ ಎಂಬವರು. ಆಪಲ್ ಕಂಪನಿಯ ಫೋನು, ಕಂಪ್ಯೂಟರುಗಳ ಪರದೆಯ ಮೇಲೆ ನಮ್ಮ ಕಣ್ಣಿಗೆ ಬೀಳುವ ಗುಂಡಿ, ಅಕ್ಷರ, ಚೌಕಟ್ಟುಗಳೆಲ್ಲ ಹೇಗಿರಬೇಕೆಂದು ತೀರ್ಮಾನಿಸುವ ತಂಡಕ್ಕೆ ಅವರು ಹತ್ತು ವರ್ಷಗಳಿಂದ ಮುಖ್ಯಸ್ಥರಾಗಿದ್ದರು. ಆ ವರ್ಷದ ಜೂನ್ ತಿಂಗಳಲ್ಲಿ ಕಂಪನಿ ‘ಲಿಕ್ವಿಡ್ ಗ್ಲಾಸ್’ ಎಂಬ ಹೊಸ ಅಲಂಕಾರವನ್ನು ಪ್ರಕಟಿಸಿತ್ತು. ಪರದೆಯ ಮೇಲಿನದೆಲ್ಲ ಕರಗಿದ ಗಾಜಿನಂತೆ ಮಿನುಗಬೇಕೆಂಬುದು ಅದರ ಆಶಯ. ಸೆಪ್ಟೆಂಬರಿನಲ್ಲಿ ಅದು ಜನರ ಕೈಗೆ ಬಂತು. ನೋಡಿದವರಲ್ಲಿ ಕೆಲವರು ‘ಆಹಾ’ ಎಂದರು. ಹಲವರು ‘ಅಕ್ಷರವೇ ಕಾಣುವುದಿಲ್ಲವಲ್ಲ!’ ಎಂದು ದೂರಿದರು. ಗಾಜಿನ ಹಿಂದಣ ಚಿತ್ರವೂ ಕಾಣಬೇಕು, ಗಾಜಿನ ಮೇಲಣ ಬರಹವೂ ಕಾಣಬೇಕು ಎಂದರೆ ಎರಡರಲ್ಲೊಂದು ಮಸುಕಾಗಲೇಬೇಕಷ್ಟೆ. ನವೆಂಬರಿನ ಹೊತ್ತಿಗೆ, ಬೇಕಾದವರು ಗಾಜನ್ನು ಸ್ವಲ್ಪ ಮಬ್ಬು ಮಾಡಿಕೊಳ್ಳಬಹುದೆಂಬ ಅನುಕೂಲವನ್ನು ಕಂಪನಿ ಒದಗಿಸಿತು. ಡಿಸೆಂಬರಿನಲ್ಲಿ ಡೈಯವರು ಆಪಲನ್ನು ಬಿಟ್ಟು ಮೆಟಾ ಕಂಪನಿಯನ್ನು ಸೇರಲಿರುವ ಸುದ್ದಿ ಬಂತು.

ನಾನು ಇದನ್ನೆಲ್ಲ ರಸವತ್ತಾಗಿ ವಿವರಿಸಿದೆ. ಅವಳು ಸಾವಧಾನವಾಗಿ ಕೇಳಿ, “ಬಿಟ್ಟವರಿಗೇನೋ ಬೇರೆ ಕೆಲಸ ಸಿಕ್ಕಿತು. ಅಕ್ಷರ ಕಾಣದವರಿಗೆ ಏನು ಸಿಕ್ಕಿತು?” ಎಂದಳು.

ನಾನು ಉತ್ತರ ಕೊಡಲಿಲ್ಲ, ಕಾಫಿ ಕುಡಿದೆ. ಕೊಡಲಾಗದಿದ್ದುದಕ್ಕೆ ಕಾರಣವಿತ್ತು. ಅದನ್ನು ಹೇಳುವ ಮೊದಲು, ಇಂಥ ಪ್ರಸಂಗಗಳು ಸಮುದ್ರದಾಚೆಯ ಕ್ಯಾಲಿಫೋರ್ನಿಯದಲ್ಲಿಯೇ ನಡೆಯಬೇಕೆಂದಿಲ್ಲ, ನಮ್ಮ ಬೆಂಗಳೂರಿನಲ್ಲಿಯೂ ನಡೆದಿವೆ ಎಂಬುದನ್ನು ವಾಚಕರಿಗೆ ನೆನಪಿಸಬೇಕು.

2007ರ ಅಕ್ಟೋಬರಿನಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ತರುಣರು ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಎಂಬ ಅಂಗಡಿಯನ್ನು ಆರಂಭಿಸಿದರು. ಅದು ಗೋಡೆ, ಕಪಾಟು, ಗಲ್ಲಾಪೆಟ್ಟಿಗೆಗಳಿಲ್ಲದ ಅಂಗಡಿ. ಕಂಪ್ಯೂಟರಿನ ಪರದೆಯ ಮೇಲೆಯೇ ಅದರ ಬಾಗಿಲು. ಮೊದಲು ಅದು ಪುಸ್ತಕದಂಗಡಿ. ಅಲ್ಲಿ ಮೊಟ್ಟಮೊದಲು ಮಾರಾಟವಾದದ್ದು ಜಾನ್ ವುಡ್ ಎಂಬವರ ಪುಸ್ತಕ; ಹೋದದ್ದು ಮೆಹಬೂಬ್‌ನಗರಕ್ಕೆ. ಮೈಕ್ರೋಸಾಫ್ಟ್ ಕಂಪನಿಯಲ್ಲಿ ದೊಡ್ಡ ಅಧಿಕಾರಿಯಾಗಿದ್ದ ವುಡ್, ಆ ಕೆಲಸವನ್ನು ಬಿಟ್ಟು ಬಡ ದೇಶಗಳ ಮಕ್ಕಳಿಗಾಗಿ ಗ್ರಂಥಾಲಯಗಳನ್ನು ಕಟ್ಟಹೊರಟ ಕಥೆ ಅದು. ಕೆಲಸ ಬಿಟ್ಟವರ ಸುದ್ದಿಯಲ್ಲಿ ಆಸಕ್ತಿಯುಳ್ಳ ನನ್ನಂಥವನಿಗೆ ಈ ಶಕುನ ಸಾಕು!

ಅಂಗಡಿ ಬೆಳೆಯಿತು. 2014ರ ಮೇ ತಿಂಗಳಲ್ಲಿ, ಬೆಂಗಳೂರಿನದೇ ಆದ ಬಟ್ಟೆಬರೆಯ ಅಂಗಡಿ ಮಿಂತ್ರಾವನ್ನು ಫ್ಲಿಪ್‌ಕಾರ್ಟ್ ಕೊಂಡುಕೊಂಡಿತು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಕಂಪ್ಯೂಟರಿನ ಮುಂದೆ ಕುಳಿತು ಕೊಳ್ಳುವವರಿಗಿಂತ ಅಂಗೈಯ ಫೋನಿನಲ್ಲಿ ಕೊಳ್ಳುವವರು ಬಹಳ ಹೆಚ್ಚಿದ್ದರು. ಲೆಕ್ಕ ನೋಡಿದವರಿಗೆ ಹೀಗೆ ತೋರಿತು: ಬರುವವರಲ್ಲಿ ಬಹುಮಂದಿ ಒಂದೇ ಬಾಗಿಲಿನಿಂದ ಬರುತ್ತಿರುವಾಗ ಇನ್ನೊಂದು ಬಾಗಿಲಿಗೆ ಕಾವಲು, ದೀಪ, ಸುಣ್ಣ-ಬಣ್ಣ ಏಕೆ? ಅದೂ ಅಲ್ಲದೆ, ಆ್ಯಪ್ ಎಂಬುದು ಗಿರಾಕಿಯ ಫೋನಿನೊಳಗೇ ಮನೆ ಮಾಡಿಕೊಂಡಿರುವಂಥದು. ಅವನ ರುಚಿಯನ್ನು ಅರಿಯಬಹುದು, ಅವನಿಗೆ ಒಪ್ಪುವ ಅಂಗಿಯನ್ನು ಮೊದಲೇ ತೆಗೆದಿರಿಸಬಹುದು, ಬೇಕಾದ ಹೊತ್ತಿಗೆ ಕರೆಗಂಟೆ ಬಾರಿಸಬಹುದು. ವ್ಯಾಪಾರಿಗೆ ಇದಕ್ಕಿಂತ ಇನ್ನೇನು ಬೇಕು? 2015ರ ಮೇ 15ರಂದು ಮಿಂತ್ರಾ ತನ್ನ ವೆಬ್‌ಸೈಟನ್ನು ಮುಚ್ಚಿ, ಇನ್ನು ಮುಂದೆ ಆ್ಯಪ್ ಮಾತ್ರ ಎಂದು ಸಾರಿತು. ಫೋನಿನ ಬ್ರೌಸರಿನಲ್ಲಿ ತೆರೆಯುತ್ತಿದ್ದ ಅಂಗಡಿಯನ್ನು ಫ್ಲಿಪ್‌ಕಾರ್ಟ್ ಕೂಡ ಅದೇ ವರ್ಷ ಮುಚ್ಚಿತ್ತು. ಗೂಗಲಿನಲ್ಲಿ ಕೆಲಸ ಮಾಡಿದ್ದ ಪುನೀತ್ ಸೋನಿಯವರು ಆಗ ತಾನೇ ಬಂದು ಅಲ್ಲಿ ಉತ್ಪನ್ನ ವಿಭಾಗದ ಮುಖ್ಯಸ್ಥರಾಗಿದ್ದರು. ಫ್ಲಿಪ್‌ಕಾರ್ಟ್ ಸಹ ಸೆಪ್ಟೆಂಬರಿನಿಂದ ಪೂರ್ತಿಯಾಗಿ ಆ್ಯಪ್ ಆಗಲಿದೆಯೆಂದು ಪತ್ರಿಕೆಗಳಲ್ಲಿ ಸುದ್ದಿ ಬಂತು.

ಗದ್ದಲವೆದ್ದಿತು. ಕಚೇರಿಯ ದೊಡ್ಡ ಪರದೆಯಲ್ಲಿ ಸೀರೆಯ ಅಂಚನ್ನು ಹಿಗ್ಗಿಸಿ ನೋಡುತ್ತಿದ್ದವರು, ಫೋನಿನಲ್ಲಿ ಇನ್ನೊಂದು ಆ್ಯಪಿಗೆ ಜಾಗವಿಲ್ಲದವರು, ಚಿಕ್ಕ ಪರದೆಗೆ ಕಣ್ಣು ಹೊಂದದ ಹಿರಿಯರು, ‘ಕೊಳ್ಳುವುದು ನಾನು, ಯಾವ ಬಾಗಿಲಿನಿಂದ ಬರಬೇಕೆಂದು ಹೇಳಲು ಇವರು ಯಾರು?’ ಎಂದು ಸಿಟ್ಟಾದವರು—ಇವರೆಲ್ಲ ಲೆಕ್ಕದಲ್ಲಿ ಅಲ್ಪಸಂಖ್ಯಾತರೇ. ಆದರೆ ಬೇರೆ ಅಂಗಡಿಗಳ ಬಾಗಿಲುಗಳು ತೆರೆದೇ ಇದ್ದವು. ಸೆಪ್ಟೆಂಬರ್ ಬಂದು ಹೋಯಿತು. ಫ್ಲಿಪ್‌ಕಾರ್ಟಿನ ದೊಡ್ಡ ಬಾಗಿಲು ಮುಚ್ಚಲಿಲ್ಲ. ನವೆಂಬರಿನಲ್ಲಿ ಫೋನಿನ ಬ್ರೌಸರಿನಲ್ಲಿಯೇ ಆ್ಯಪಿನಂತೆ ಹಗುರವಾಗಿ ತೆರೆದುಕೊಳ್ಳುವ ‘ಫ್ಲಿಪ್‌ಕಾರ್ಟ್ ಲೈಟ್’ ಬಂತು. 2016ರ ಜನವರಿಯಲ್ಲಿ ಬಿನ್ನಿ ಬನ್ಸಲ್ ಮುಖ್ಯ ಕಾರ್ಯನಿರ್ವಾಹಕರಾದರು. ಫೆಬ್ರವರಿಯಲ್ಲಿ, ಮಿಂತ್ರಾದ ಸ್ಥಾಪಕರಲ್ಲೊಬ್ಬರಾದ ಮುಕೇಶ್ ಬನ್ಸಲ್ ಹೊರಡುವ ಸುದ್ದಿ ಬಂತು. ಏಪ್ರಿಲಿನಲ್ಲಿ ಪುನೀತ್ ಸೋನಿ ಹೊರಟರು. ಅವರು ಬಂದು ಒಂದು ವರ್ಷಕ್ಕಿಂತ ಬಹಳವೇನೂ ಆಗಿರಲಿಲ್ಲ. 2016ರ ಜೂನ್ 1ರಂದು, ಮುಚ್ಚಿದ ಒಂದು ವರ್ಷದ ಮೇಲೆ, ಮಿಂತ್ರಾದ ವೆಬ್‌ಸೈಟು ಮತ್ತೆ ತೆರೆಯಿತು.

ಒಬ್ಬ ಮನುಷ್ಯ ಒಂದು ಹುದ್ದೆಯನ್ನು ಬಿಡುವುದಕ್ಕೆ ಒಂದೇ ಕಾರಣವಿರುವುದಿಲ್ಲ. ಬಾಗಿಲು ಮುಚ್ಚಿದ್ದರಿಂದಲೇ ಇವರೆಲ್ಲ ಹೋದರೆಂದು ನಾನು ಹೇಳಲಾರೆ. ಹೋದವರಾರೂ ಕೆಟ್ಟುಹೋಗಲಿಲ್ಲ, ಕೆಡಬೇಕಾಗಿಯೂ ಇರಲಿಲ್ಲ. ಮುಕೇಶ್ ಬನ್ಸಲ್ ವ್ಯಾಯಾಮ-ಆರೋಗ್ಯಗಳ ಹೊಸ ಕಂಪನಿಯೊಂದನ್ನು ಕಟ್ಟಿದರು. ಪುನೀತ್ ಸೋನಿ ವೈದ್ಯರಿಗೆ ಟಿಪ್ಪಣಿ ಬರೆದುಕೊಡುವ ಯಂತ್ರಸಹಾಯಕನನ್ನು ಮಾಡಲು ‘ಸುಕಿ’ ಎಂಬ ಕಂಪನಿಯನ್ನು ಆರಂಭಿಸಿದರು. ನನ್ನ ಕುತೂಹಲ ಬೇರೆಡೆಗೆ. ಹೋಗುವುದು ಒಂದು ಕೆಲಸ. ಬಾಗಿಲನ್ನು ಮತ್ತೆ ತೆರೆಯುವುದು ಇನ್ನೊಂದು ಕೆಲಸ. ಸುದ್ದಿಯಾಗುವುದು ಮೊದಲನೆಯದು. ಎರಡನೆಯದನ್ನು ಮಾಡುವವರ ಹೆಸರು ಪತ್ರಿಕೆಯಲ್ಲಿ ಬರುವುದೇ ಇಲ್ಲ.

2012ರಲ್ಲಿ ಅಮೆರಿಕದಲ್ಲಿ ನಡೆದ ಎರಡು ಪ್ರಸಂಗಗಳನ್ನು ನೋಡಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಆಪಲ್ ತನ್ನದೇ ಭೂಪಟವನ್ನು ಫೋನುಗಳಲ್ಲಿ ಹಾಕಿತು. ಅದರಲ್ಲಿ ಊರುಗಳು ಸ್ಥಾನಪಲ್ಲಟವಾಗಿ, ಸೇತುವೆಗಳು ಮಡಚಿಕೊಂಡು, ಜನ ನಕ್ಕರು, ಅತ್ತರು. ಸೆಪ್ಟೆಂಬರ್ 28ರಂದು ಮುಖ್ಯಸ್ಥ ಟಿಮ್ ಕುಕ್ ಬಹಿರಂಗ ಪತ್ರವೊಂದರಲ್ಲಿ ಕ್ಷಮೆ ಕೇಳಿ, ನಮ್ಮದು ಸರಿಯಾಗುವವರೆಗೆ ಬೇರೆಯವರ ಭೂಪಟಗಳನ್ನು ಬಳಸಿ ಎಂದರು. ಆ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಸ್ಕಾಟ್ ಫೋರ್‌ಸ್ಟಾಲ್ ಕ್ಷಮಾಪತ್ರಕ್ಕೆ ರುಜು ಹಾಕಲೊಪ್ಪಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದವು. ಒಂದು ತಿಂಗಳ ಮೇಲೆ ಅವರ ನಿರ್ಗಮನ ಪ್ರಕಟವಾಯಿತು. ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ‘ವಿಂಡೋಸ್ 8’ನ್ನು ತಂದಿತು. ಜನ ಹದಿನೇಳು ವರ್ಷಗಳಿಂದ ಪರದೆಯ ಎಡಮೂಲೆಯಲ್ಲಿ ಕಂಡು ಒಗ್ಗಿಹೋಗಿದ್ದ ‘ಸ್ಟಾರ್ಟ್’ ಗುಂಡಿ ಅದರಲ್ಲಿ ಮಾಯವಾಗಿತ್ತು. ಕೆಲವೇ ವಾರಗಳಲ್ಲಿ, ನವೆಂಬರಿನಲ್ಲಿ, ಆ ವಿಭಾಗದ ಮುಖ್ಯಸ್ಥ ಸ್ಟೀವನ್ ಸಿನೋಫ್‌ಸ್ಕಿ ಕಂಪನಿಯನ್ನು ಬಿಟ್ಟರು. ಗುಂಡಿ ಮಾತ್ರ ಮರಳಿ ಬಂದದ್ದು 2013ರ ಅಕ್ಟೋಬರಿನಲ್ಲಿ. ಅಂದರೆ ಮನುಷ್ಯ ಹೋಗಿ ಹನ್ನೊಂದು ತಿಂಗಳ ಮೇಲೆ. ಆ ಹನ್ನೊಂದು ತಿಂಗಳು ಜನ ಪರದೆಯ ಮೂಲೆಯನ್ನು ತಡವುತ್ತಲೇ ಇದ್ದರು.

ದೊಡ್ಡವರ ಈ ಸುದ್ದಿಗಳನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿರುವ ಈ ಕನ್ನಡ ಮೇಷ್ಟರು ಯಾರು ಎಂದು ವಾಚಕರು ಕೇಳಬಹುದು. ಹೇಳುತ್ತೇನೆ. ನಾನೂ ಒಮ್ಮೆ ಒಂದು ಬಾಗಿಲನ್ನು ಮುಚ್ಚಿಸಿದವನು, ಗದ್ದಲವಾದಾಗ ಬಿಟ್ಟುಹೋದವನು.

ನಮ್ಮ ಕಾಲೇಜಿನ ಮೊಗಸಾಲೆಯಲ್ಲಿ ಒಂದು ಸೂಚನಾ ಫಲಕವಿತ್ತು. ತೇಗದ ಚೌಕಟ್ಟು, ಹಸಿರು ಬಟ್ಟೆ, ಮುಂದೆ ತಂತಿಯ ಜಾಲರಿ, ಒಂದು ಬೀಗ. ಆ ಬೀಗದ ಕೈ ಜವಾನರ ಸೊಂಟದಲ್ಲಿರುತ್ತಿತ್ತು. 2024ರಲ್ಲಿ ಕಾಲೇಜಿಗೆ ಒಂದು ಮೌಲ್ಯಮಾಪನ ಸಮಿತಿ ಬರುವುದಿತ್ತು. ಎಲ್ಲವೂ ಕಾಗದವಿಲ್ಲದೆ ನಡೆಯಬೇಕೆಂಬ ಹುರುಪು ಆಗ ಎಲ್ಲರಿಗೂ. ಫೋನು, ಕಂಪ್ಯೂಟರುಗಳ ವಿಷಯದಲ್ಲಿ ಸ್ವಲ್ಪ ತಿಳಿದವನೆಂಬ ಹೆಸರು ನನಗಿದ್ದುದರಿಂದ ಅದಕ್ಕಾಗಿ ರಚಿಸಿದ ಸಣ್ಣ ಸಮಿತಿಗೆ ನನ್ನನ್ನೇ ಸಂಚಾಲಕನನ್ನಾಗಿ ಮಾಡಿದರು. ಸೂಚನೆಗಳನ್ನೆಲ್ಲ ವಿದ್ಯಾರ್ಥಿಗಳ ಫೋನಿಗೇ ಕಳುಹಿಸುವ ಏರ್ಪಾಡನ್ನು ನಾನು ಮಾಡಿದೆ. ಆ ಮೇಲೆ ಫಲಕದ ಮೇಲೆ ಕಣ್ಣು ಬಿತ್ತು.

ನಾನು ಹುಡುಗಾಟಕ್ಕೆ ತೆಗೆಸಿದೆನೆಂದು ತಿಳಿಯಬೇಡಿ. ಶಾಸ್ತ್ರೀಯವಾಗಿಯೇ ನಡೆದುಕೊಂಡೆ. ಒಂದು ವಾರದ ಕಾಲ ಫಲಕದ ಮುಂದೆ ನಿಂತು ಓದುವವರನ್ನು ಎಣಿಸುವಂತೆ ಜವಾನರಿಗೆ ಹೇಳಿದೆ. ಆರುನೂರ ನಲವತ್ತು ವಿದ್ಯಾರ್ಥಿಗಳಲ್ಲಿ ಹನ್ನೊಂದು ಮಂದಿ! ಶೇಕಡಾ ಎರಡಕ್ಕೂ ಕಡಮೆ. ಈ ಅಂಕಿಯನ್ನು ನನ್ನ ವರದಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ. ಪ್ರಾಂಶುಪಾಲರು ತಲೆದೂಗಿದರು. ಗೋಡೆಗೆ ಬಣ್ಣ ಬಳಿಯುವ ದಿನ ಫಲಕವನ್ನು ಇಳಿಸಿ, ಕ್ರೀಡಾ ಸಾಮಗ್ರಿಗಳ ಕೋಣೆಯ ಹಿಂದಣ ಉಗ್ರಾಣದಲ್ಲಿ ಇರಿಸಲಾಯಿತು. ಬರಿದಾದ ಗೋಡೆ ಅಚ್ಚುಕಟ್ಟಾಗಿ ಹೊಳೆಯಿತು. ಆ ಹನ್ನೊಂದು ಮಂದಿ ಯಾರು ಎಂದು ಮಾತ್ರ ನಾನು ಕೇಳಲಿಲ್ಲ.

ಹದಿನೈದು ದಿನ ಕಳೆಯಿತು. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಬುಧವಾರವಿದ್ದದ್ದು ಹಿಂದಿನ ಶನಿವಾರಕ್ಕೇ ಬಂದಿತು. ದಂಡ ಸಹಿತ ಕಟ್ಟುವ ಅವಕಾಶವೂ ಅಂದಿಗೇ ಮುಗಿಯುತ್ತಿತ್ತು. ಗುರುವಾರ ಸಂಜೆ ಎಲ್ಲರ ಫೋನಿಗೂ ಸೂಚನೆ ಹೋಯಿತು. ಸೋಮವಾರ ಬೆಳಿಗ್ಗೆ, ಬಿ.ಎ. ಕೊನೆಯ ವರ್ಷದ ಒಬ್ಬ ಹುಡುಗಿ ನೋಟುಗಳನ್ನು ಪುಸ್ತಕದ ನಡುವೆ ಮಡಿಸಿಟ್ಟುಕೊಂಡು ಕಚೇರಿಗೆ ಬಂದಳು. ಗುಮಾಸ್ತರು ತಲೆಯಾಡಿಸಿದರು. ಅವಳು ನನ್ನ ಬಳಿಗೆ ಬಂದಳು.

ಅವಳ ಮನೆಯವರದು ರೇಷ್ಮೆ ಸಾಕಣೆ. ಮನೆಗೆಲ್ಲ ಒಂದೇ ಫೋನು. ಅದು ತಂದೆಯ ಬಳಿ. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ಯುವ ದಿನಗಳಲ್ಲಿ ಹರಾಜಿನ ಸುದ್ದಿ, ಹಣ ಬಂದ ಸುದ್ದಿ ಎಲ್ಲವೂ ಫೋನಿನಲ್ಲಿಯೇ ಆದ್ದರಿಂದ, ಅದು ಅವರ ಜೇಬಿನಿಂದ ಕದಲುತ್ತಿರಲಿಲ್ಲ. ರಾತ್ರಿ ಮನೆಗೆ ಬಂದಾಗ ಒಮ್ಮೊಮ್ಮೆ ಅದರಲ್ಲಿ ಚಾರ್ಜು ಇರುತ್ತಿರಲಿಲ್ಲ. ಒಮ್ಮೊಮ್ಮೆ ಕರೆನ್ಸಿ ಇರುತ್ತಿರಲಿಲ್ಲ. ಹೀಗಾಗಿ ಆಕೆ ಫೋನನ್ನು ನಂಬಿದವಳೇ ಅಲ್ಲ. ಮೂರು ವರ್ಷ ಫಲಕವನ್ನು ನಂಬಿದವಳು.

“ಬೋರ್ಡ್ ದಿನಾ ನೋಡ್ತಿದ್ದೆ ಸಾರ್,” ಎಂದಳು. “ಗೋಡೆಗೆ ಬಣ್ಣ ಹೊಡೀತಿದಾರೆ, ಒಣಗಿದ ಮೇಲೆ ಮತ್ತೆ ಹಾಕ್ತಾರೆ ಅಂದ್ಕೊಂಡೆ.”

ಹನ್ನೊಂದರಲ್ಲಿ ಒಬ್ಬಳು ನನ್ನೆದುರಿಗೆ ನಿಂತಿದ್ದಳು.

ಪ್ರಾಂಶುಪಾಲರು ಎಲ್ಲೆಲ್ಲಿಗೋ ಫೋನು ಮಾಡಿದರು, ಪತ್ರ ಬರೆದರು. ಫಲವಾಗಲಿಲ್ಲ. ಅವಳ ಪರೀಕ್ಷೆ ಆರು ತಿಂಗಳು ಹಿಂದೆ ಬಿತ್ತು. ಅದರಿಂದಾಗಿ, ಆ ವರ್ಷ ಬಿ.ಎಡ್. ಸೇರಬೇಕೆಂಬ ಆಸೆ ಇನ್ನೊಂದು ವರ್ಷ ಹಿಂದೆ ಬಿತ್ತು. ಓದು ನಿಂತ ಹುಡುಗಿಯ ಮನೆಯಲ್ಲಿ ಮುಂದೆ ಯಾವ ಮಾತು ಏಳುತ್ತದೆಂಬುದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡು ನೋಡುವ ಮಾತು ಎದ್ದಿತು.

ಅಧ್ಯಾಪಕರ ಸಭೆಯಲ್ಲಿ ಹಿರಿಯರೊಬ್ಬರು, “ಇದ್ದ ಬೋರ್ಡು ಯಾರಿಗೆ ಅನ್ನ ಕೇಳಿತ್ತು?” ಎಂದರು. ನಾನು ಅಂದೇ ಸಂಜೆ ರಾಜೀನಾಮೆ ಬರೆದೆ—ನೌಕರಿಗಲ್ಲ, ಸಮಿತಿಗೆ. ಕನ್ನಡ ಎಂ.ಎ. ಮಾಡಿದವನ ರಾಜೀನಾಮೆ, ಭಾಷೆಯಲ್ಲಿ ಏನೂ ಕೊರತೆಯಿರಲಿಲ್ಲ. ‘ನಡೆದುದರ ನೈತಿಕ ಹೊಣೆಯನ್ನು ಹೊತ್ತು, ಸಂಚಾಲಕ ಸ್ಥಾನದಿಂದ ವಿನಮ್ರನಾಗಿ ನಿವೃತ್ತನಾಗುತ್ತಿದ್ದೇನೆ’ ಎಂದು ಮುಗಿಸಿದೆ. ಪ್ರಾಂಶುಪಾಲರು ಬೇಸರದಿಂದಲೇ ಅಂಗೀಕರಿಸಿದರು. ಸಹೋದ್ಯೋಗಿಗಳು ಬೆನ್ನು ತಟ್ಟಿದರು. ಎದೆಯ ಮೇಲಣ ಭಾರ ಇಳಿದಂತಾಯಿತು. ಆ ಹಗುರವನ್ನು ನಾನು ಪ್ರಾಮಾಣಿಕತೆಯೆಂದು ತಿಳಿದೆ.

ಆ ಶನಿವಾರ ಊರಿಗೆ ಹೊರಟೆ. ನನ್ನೂರು ತಿಪ್ಪಸಂದ್ರ. ಹೀಗೆಂದೊಡನೆ ಬೆಂಗಳೂರಿನವರು, “ಎಚ್.ಎ.ಎಲ್. ಹತ್ತಿರದ್ದೇ?” ಎನ್ನುತ್ತಾರೆ. ಅದು ಬೇರೆ. ನನ್ನದು ಮಾಗಡಿ ತಾಲ್ಲೂಕಿನದು. ರಾಮನಗರ ಜಿಲ್ಲೆಯೆಂದು 2007ರಲ್ಲಿ ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರು ಬದಲಿಸಿಕೊಂಡ ಸೀಮೆ ಅದು. ‘ಸಂದ್ರ’ ಎಂದರೆ ‘ಸಮುದ್ರ’ವೆಂಬ ಮಾತಿನ ಸವೆದ ರೂಪ, ಕೆರೆಗೆ ನಮ್ಮ ಹಿಂದಿನವರು ಪ್ರೀತಿಯಿಂದ ಇಟ್ಟ ದೊಡ್ಡ ಹೆಸರು. ಬೊಮ್ಮಸಂದ್ರ, ಸಿಂಗಸಂದ್ರ ಎಂದು ಈ ಕಡೆ ಎಲ್ಲಿ ‘ಸಂದ್ರ’ವಿದೆಯೋ ಅಲ್ಲಿ ಒಂದು ಕೆರೆ ಇರಬೇಕು, ಅಥವಾ ಇದ್ದಿರಬೇಕು. ನನ್ನ ತಾತ ನಮ್ಮ ಕೆರೆಯ ನೀರುಗಂಟಿಯಾಗಿದ್ದವರು. ಯಾವ ಗದ್ದೆಗೆ ಯಾವ ದಿನ ಎಷ್ಟು ನೀರೆಂದು ತೂಬನ್ನು ತೆಗೆದು ಮುಚ್ಚುವ ಅಧಿಕಾರ ಅವರದು. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯಿದೆಯಿಂದ ಆ ಹುದ್ದೆ ಹೋಯಿತು; ಅವರು ಮಾತ್ರ ಸಾಯುವವರೆಗೆ ಕೆರೆಯ ಏರಿಯನ್ನು ಬಿಡಲಿಲ್ಲ. ಅವರ ತರುವಾಯ ನನ್ನ ತಂದೆಯವರು ಆ ಅಭ್ಯಾಸವನ್ನು ಹಿಡಿದರು. ಸಂಬಳವಿಲ್ಲ, ಹುದ್ದೆಯಿಲ್ಲ, ಕೇಳುವವರಿಲ್ಲ.

ಊಟ ಮುಗಿದ ಮೇಲೆ ಜಗಲಿಯಲ್ಲಿ ನನ್ನ ಕಥೆಯನ್ನು ಹೇಳಿದೆ. ರಾಜೀನಾಮೆಯ ಭಾಗವನ್ನು, ಈಗ ಯೋಚಿಸಿದರೆ, ಸ್ವಲ್ಪ ಉದ್ದವಾಗಿಯೇ ಹೇಳಿದೆ. ತಂದೆಯವರು ಎಲೆ ಅಡಿಕೆ ಮುಗಿಸಿ ಎದ್ದು, “ಬಾ, ಕೆರೆ ಕಡೀಕೆ ಹೋಗ್ಬರಾನ,” ಎಂದರು. ಮೂಲೆಯಲ್ಲಿದ್ದ ಗುದ್ದಲಿಯನ್ನು ಹೆಗಲಿಗೇರಿಸಿಕೊಂಡರು.

ಕೆರೆಯಲ್ಲಿ ನೀರೆಂಬುದು ಇರಲಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತ್ತಷ್ಟೆ. ಅದರ ಮರುವರ್ಷದ ಬೇಸಗೆ. ಅಂಗಳ ಬಿರುಕು ಬಿಟ್ಟು ಒಣರೊಟ್ಟಿಯಂತಾಗಿತ್ತು. ಹಸುಗಳು ನಡುವೆಯೇ ಮೇಯುತ್ತಿದ್ದವು. ತಂದೆಯವರು ತೂಬಿನ ಕಡೆ ತಿರುಗಿಯೂ ನೋಡದೆ ಏರಿಯ ಕೊನೆಗೆ, ಕೋಡಿಯ ಬಳಿಗೆ ನಡೆದರು. ಕೆರೆ ತುಂಬಿ ಮಿಕ್ಕ ನೀರು ಹರಿದುಹೋಗಲೆಂದು ಬಿಟ್ಟ ಕಲ್ಲುಕಟ್ಟಿನ ತಗ್ಗೇ ಕೋಡಿ. ಅಲ್ಲಿ ಲಂಟಾನದ ಪೊದೆ ಬೆಳೆದಿತ್ತು, ಯಾರೋ ಕಲ್ಲುಮಣ್ಣು ಸುರಿದಿದ್ದರು. ಅವರು ಪಂಚೆಯನ್ನು ಎತ್ತಿ ಕಟ್ಟಿ ಅಗೆಯತೊಡಗಿದರು.

“ಹನಿ ನೀರಿಲ್ಲದ ಕೆರೆಗೆ ಕೋಡಿ ಏತಕ್ಕಪ್ಪ?” ಎಂದೆ ನಾನು.

“ನಿಮ್ ತಾತನ್ನೂ ಹಂಗೇ ಕೇಳೋರು,” ಎಂದರು ಅವರು, ಅಗೆಯುತ್ತಲೇ. “ಕೋಡಿ ಬಿದ್ದು ಹತ್ತು ವರ್ಷ ಆಯ್ತು, ಮುಚ್ಚಿ ದಾರಿ ಮಾಡಾನ ಅನ್ನೋರು. ಅದುಕ್ಕೆ ಅಪ್ಪ ಅನ್ನೋನು, ತೂಬು ನಮ್ಗೆ, ಕೋಡಿ ಕೆರೆಗೆ ಅಂತ.”

ನಾನು ಸುಮ್ಮನೆ ನಿಂತೆ. 2022ರ ಆಗಸ್ಟ್ ಕೊನೆಯ ಮಳೆ ನನಗೆ ನೆನಪಿತ್ತು. ರಾಮನಗರದ ಸುತ್ತ ಕೆರೆಗಳು ಉಕ್ಕಿ, ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆಯೇ ನೀರು ನಿಂತು, ಬಸ್ಸು ಕಾರುಗಳು ಮುಳುಗಿದ ಚಿತ್ರಗಳನ್ನು ದೇಶವೆಲ್ಲ ನೋಡಿತು. ಆ ರಾತ್ರಿ ನಮ್ಮ ಕೆರೆಯೂ ವರ್ಷಗಳ ಮೇಲೆ ಕೋಡಿ ಬಿದ್ದಿತು. ಏರಿ ನಿಂತಿತು. ಏರಿಯ ಕೆಳಗೆ ಮಲಗಿದ್ದವರು ಬೆಳಿಗ್ಗೆ ಎದ್ದರು. ಇಡೀ ವರ್ಷದ ನೀರು ಹರಿಯುವುದು ತೂಬಿನಲ್ಲಿ. ಲೆಕ್ಕ ಹಾಕಿದರೆ ಕೋಡಿಯ ಪಾಲು ಬಹುಶಃ ನನ್ನ ಹನ್ನೊಂದು ವಿದ್ಯಾರ್ಥಿಗಳಷ್ಟೂ ಆಗಲಾರದು. ಆದರೆ ಕೆರೆ ಕಟ್ಟಿದವರು ಕೋಡಿಯನ್ನು ಲೆಕ್ಕ ನೋಡಿ ಇಟ್ಟವರಲ್ಲ. ಬೇರೆ ದಾರಿಯೇ ಇಲ್ಲದ ದಿನಕ್ಕೆಂದು ಇಟ್ಟವರು. ಎಷ್ಟು ಮಂದಿ ಒಂದು ಬಾಗಿಲಿನಿಂದ ಬರುತ್ತಾರೆಂಬುದನ್ನು ಎಣಿಕೆ ಹೇಳುತ್ತದೆ. ಅವರಿಗೆ ಇನ್ನೊಂದು ಬಾಗಿಲು ಉಂಟೆ, ಇಲ್ಲವೆ ಎಂಬುದನ್ನು ಅದು ಹೇಳುವುದಿಲ್ಲ.

ತಂದೆಯವರು ಗುದ್ದಲಿಯನ್ನು ಊರಿ ಬೆವರೊರೆಸಿಕೊಂಡರು. ಆಗ ಕೇಳಿದರು:

“ಅಲ್ಲ ಕಣಪ್ಪ, ಆ ಕಮಿಟಿ ಬುಟ್ಬುಟ್ಟೆ, ಸರಿ. ಹಲಗೆ ಮತ್ತೆ ಹಾಕುಸ್ದೋ?”

“ಇಲ್ಲ,” ಎಂದೆ.

“ಆ ಮಗೀಗೆ ಏನೇಳ್ದೆ?”

ನಾನು ಏನನ್ನೂ ಹೇಳಿರಲಿಲ್ಲ. ರಾಜೀನಾಮೆಯನ್ನು ಪ್ರಾಂಶುಪಾಲರಿಗೆ ಬರೆದಿದ್ದೆನೇ ಹೊರತು ಅವಳಿಗಲ್ಲ. ನೈತಿಕ ಹೊಣೆಯನ್ನು ‘ಹೊತ್ತು’ ಎಂದು ಬರೆದಿದ್ದೆ. ನಿಜವಾಗಿ ಮಾಡಿದ್ದು ಅದನ್ನು ಇಳಿಸಿ ಬಂದದ್ದು. ಬೆನ್ನು ತಟ್ಟಿಸಿಕೊಂಡವನು ನಾನು. ಬಣ್ಣ ಒಣಗಲೆಂದು ಕಾದವಳು ಅವಳು. ತಂದೆಯವರು ಉತ್ತರಕ್ಕಾಗಿ ಕಾಯಲಿಲ್ಲ. ಗುದ್ದಲಿಯನ್ನು ನನ್ನ ಕೈಗೆ ಕೊಟ್ಟು, ತಾವು ಲಂಟಾನ ಕೀಳತೊಡಗಿದರು. ಕತ್ತಲಾಗುವವರೆಗೆ ಇಬ್ಬರೂ ಮಾತಿಲ್ಲದೆ ಕೆಲಸ ಮಾಡಿದೆವು. ನನ್ನ ಅಂಗೈಯಲ್ಲಿ ಬೊಬ್ಬೆಯೆದ್ದಿತು.

ಸೋಮವಾರ ಬೇಗನೆ ಕಾಲೇಜಿಗೆ ಹೋದೆ. ಜವಾನರೂ ನಾನೂ ಉಗ್ರಾಣದಿಂದ ಫಲಕವನ್ನು ಹೊರತಂದೆವು. ಹಸಿರು ಬಟ್ಟೆಯ ಮೇಲೆ ಧೂಳು. ಚೌಕಟ್ಟಿನ ಸಂದಿಯಲ್ಲಿ ಹಲ್ಲಿಯ ಮೊಟ್ಟೆ. ಒರೆಸಿ, ಹೊಸ ಬಣ್ಣದ ಗೋಡೆಗೆ ಮೊಳೆ ಹೊಡೆದೆವು. ಬಣ್ಣ ಎರಡು ಕಡೆ ಕಿತ್ತು ಬಂತು. ಸಮಿತಿಯವರು ಅದನ್ನು ಕಂಡರೆ ಕಾಣಲಿ ಎಂದು ಬಿಟ್ಟೆ. ಆ ಮೇಲೆ ಪ್ರಾಂಶುಪಾಲರ ಬಳಿಗೆ ಹೋಗಿ, ರಾಜೀನಾಮೆಯನ್ನು ಹಿಂದಕ್ಕೆ ಕೊಡಬೇಕೆಂದು ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ಕೊಟ್ಟ ರಾಜೀನಾಮೆಯನ್ನು ವಾಪಸು ಕೇಳುವುದು ಕೊಡುವುದಕ್ಕಿಂತ ನಾಚಿಕೆಯ ಕೆಲಸವೆಂದು ಆಗ ತಿಳಿಯಿತು. ಅದಕ್ಕಿಂತ ಕಷ್ಟವಾದದ್ದು ಆ ಹುಡುಗಿಯ ಮನೆಯ ಜಗಲಿಯಲ್ಲಿ ಕುಳಿತು, ಅವಳ ತಂದೆಯ ಎದುರಿಗೆ, “ತಪ್ಪು ಮಗಳದಲ್ಲ, ನನ್ನದು. ಅವಳ ಓದನ್ನು ನಿಲ್ಲಿಸಬೇಡಿ,” ಎನ್ನುವುದು. ಕನ್ನಡ ಎಂ.ಎ. ಅಲ್ಲಿ ಏನೂ ಸಹಾಯಕ್ಕೆ ಬರಲಿಲ್ಲ. “ಪರವಾಗಿಲ್ಲ ಬಿಡಿ ಸಾರ್,” ಎಂದಳು ಆಕೆ. ಬೈದಿದ್ದರೆ ಸುಲಭವಾಗಿರುತ್ತಿತ್ತು.

ಆ ಆರು ತಿಂಗಳು ಪರೀಕ್ಷೆಯ ಸೂಚನೆ ಬಂತೇ ಎಂದು ನೋಡಲು ಅವಳು ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಫಲಕದ ಮುಂದೆ ನಿಂತು ಹೋಗುತ್ತಿದ್ದಳು. ಪರೀಕ್ಷೆ ಕೊಟ್ಟಳು, ತೇರ್ಗಡೆಯಾದಳು, 2025ರಲ್ಲಿ ಬಿ.ಎಡ್. ಸೇರಿದಳು. ಹೋದ ಒಂದು ವರ್ಷ ಹೋದದ್ದೇ. ಅದನ್ನು ತಂದುಕೊಡುವ ಶಕ್ತಿ ನನ್ನ ಮೊಳೆಗೂ ಇಲ್ಲ, ಸುತ್ತಿಗೆಗೂ ಇಲ್ಲ.

ಮೊನ್ನೆ ಜವಾನರು, “ಬೋರ್ಡ್ ಓದೋರ್ನ ಮತ್ತೆ ಎಣಿಸ್ಲಾ ಸಾರ್?” ಎಂದು ಕೇಳಿದರು. ಬೇಡವೆಂದೆ. ಡೈಯವರ ಸುದ್ದಿಯ ದಿನ ಶ್ರೀಮತಿ ಕೇಳಿದ ಪ್ರಶ್ನೆಗೆ ನಾನು ಕಾಫಿ ಕುಡಿದು ಸುಮ್ಮನಾದದ್ದು ಈ ಕಾರಣಕ್ಕೇ. ಬಿಟ್ಟುಹೋದವರ ಸುದ್ದಿಯನ್ನು ಈಗಲೂ ಓದುತ್ತೇನೆ; ಓದಿ ಮುಗಿಸಿದ ಮೇಲೆ, ಆ ಹಲಗೆಯನ್ನು ಮತ್ತೆ ಹಾಕಿಸಿದವರು ಯಾರು ಎಂದು ಕೆಳಗಿನ ಸಾಲುಗಳಲ್ಲಿ ಹುಡುಕುತ್ತೇನೆ. ಸಾಮಾನ್ಯವಾಗಿ ಸಿಗುವುದಿಲ್ಲ.

ಈಚೆಗೆ ಊರಿಗೆ ಹೋದಾಗ ತಂದೆಯವರು ಮನೆಯಲ್ಲಿರಲಿಲ್ಲ. ಮೂಲೆಯಲ್ಲಿ ಗುದ್ದಲಿಯೂ ಇರಲಿಲ್ಲ. ಕೇಳುವ ಮೊದಲೇ ಅವ್ವ, “ಕೋಡಿ ತಾವ್ಕೆ ಹೋದ್ರು,” ಎಂದಳು. ನಾನು ಷರಟು ತೆಗೆದು ಗೂಟಕ್ಕೆ ಹಾಕಿ, ಆ ಕಡೆಗೆ ಹೊರಟೆ.